ಪ್ರೊಜೆಕ್ಟರ್ ಬದಲಿಸುವ ಮುಂಚೆ ತಲೆ ಎತ್ತಿ ನೋಡಿ

ಮನೆ ಥಿಯೇಟರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಣ್ಣ, ನಮ್ಮದು ನಾಪೋಕ್ಲು ಹತ್ತಿರ ತೋಟದ ಮನೆ. ಅಜ್ಜನ ಕಾಲದ ಹೆಂಚಿನ ಮನೆ. ಹಿಂದಿನ ಹಾಲ್‌ನಲ್ಲಿ 100 ಇಂಚಿನ ಪರದೆ ಕಟ್ಟಿ ಪ್ರೊಜೆಕ್ಟರ್ ಕೂರಿಸಿದ್ದೇವೆ. ಗೋಡೆಗೆ ಕೆನೆ ಬಣ್ಣ, ಅಟ್ಟದ ಅಡಿಗೆ ವಾರ್ನಿಶ್ ಹೊಡೆದ ಹಲಸಿನ ಹಲಗೆ, ನೆಲ ಕೆಂಪು ಗಾರೆ. ರಾತ್ರಿ ಎಲ್ಲ ಲೈಟ್ ಆರಿಸಿ ನೋಡಿದರೂ ಸಿನಿಮಾದ ಕಪ್ಪು ಬೂದಿಯ ಹಾಗೆ ಕಾಣುತ್ತದೆ. ಅಂಗಡಿಯವರು ಇದರ ಎರಡರಷ್ಟು ಬೆಲೆಯ ಪ್ರೊಜೆಕ್ಟರ್ ತಗೊಳ್ಳಿ ಅನ್ನುತ್ತಿದ್ದಾರೆ. ತಗೊಳ್ಳಲಾ?

ಉತ್ತರ: ಬೇಡ. ಆ ದುಡ್ಡು ಸದ್ಯಕ್ಕೆ ನಿಮ್ಮ ಹತ್ತಿರವೇ ಇರಲಿ. ಮೊದಲು ತಪ್ಪು ಯಾವುದರದ್ದು ಎಂದು ತಿಳಿದುಕೊಳ್ಳೋಣ. ಅದಕ್ಕೆ ಯಾವ ಮೀಟರೂ ಬೇಕಿಲ್ಲ.

ಪ್ರೊಜೆಕ್ಟರ್ ಮೆನುವಿನಲ್ಲಿ ಆಟೋ ಐರಿಸ್, ಡೈನಾಮಿಕ್ ಕಾಂಟ್ರಾಸ್ಟ್ ಅಂತ ಏನಿದ್ದರೂ ಆಫ್ ಮಾಡಿ. ಮೊಬೈಲಿನಲ್ಲಿ ಎರಡು ಚಿತ್ರ ಮಾಡಿಟ್ಟುಕೊಳ್ಳಿ. ಒಂದು ಪೂರ್ತಿ ಕಪ್ಪು, ಇನ್ನೊಂದು ಅರ್ಧ ಕಪ್ಪು ಅರ್ಧ ಬಿಳಿ. ರಾತ್ರಿ ಲೈಟೆಲ್ಲ ಆರಿಸಿ ಮೊದಲನೆಯದನ್ನು ಪರದೆಗೆ ಬಿಡಿ. ಅದೇ ಬೂದಿ ಬಣ್ಣಕ್ಕಿದ್ದರೆ ಪ್ರೊಜೆಕ್ಟರಿನ ಒಳಗಿಂದಲೇ ಬೆಳಕು ಸೋರುತ್ತಿದೆ, ಅಂಗಡಿಯವರ ಮಾತಿಗೆ ಅರ್ಥವಿದೆ. ಅದು ಚೆನ್ನಾಗಿ ಕಪ್ಪಾಗಿದ್ದು, ಎರಡನೆಯ ಚಿತ್ರ ಬಿಟ್ಟ ಕೂಡಲೇ ಕಪ್ಪು ಅರ್ಧ ಬೆಳ್ಳಗಾಗಿಬಿಟ್ಟರೆ, ಆ ಬೆಳಕು ನಿಮ್ಮ ಕೋಣೆಯಿಂದ ಬಂದದ್ದು. ನೀವು ಬರೆದ ವಿವರ ನೋಡಿದರೆ ಆಗುವುದು ಇದೇ.

ಯಾವ ಪ್ರೊಜೆಕ್ಟರಿಗೂ ಕಪ್ಪನ್ನು ಎಸೆಯಲು ಬರುವುದಿಲ್ಲ. ಅದು ಎಸೆಯುವುದು ಬೆಳಕನ್ನು ಮಾತ್ರ. ಬೆಳಕು ಬೀಳದೆ ಉಳಿದ ಜಾಗವೇ ಕಪ್ಪು. ಆದರೆ ಆ ಜಾಗದಲ್ಲಿರುವುದೂ ಬಿಳಿ ಬಟ್ಟೆಯೇ ತಾನೆ? ಪರದೆಯ ಹೊಳೆಯುವ ಭಾಗದಿಂದ ಹೊರಟ ಬೆಳಕು ನಿಮ್ಮ ಕಣ್ಣಿಗಷ್ಟೇ ಬರುವುದಿಲ್ಲ. ಸೀಲಿಂಗಿಗೆ, ಎರಡೂ ಬದಿಯ ಗೋಡೆಗೆ, ನೆಲಕ್ಕೆ ಹೋಗಿ ಬಡಿದು ತಿರುಗಿ ಪರದೆಗೇ ಬೀಳುತ್ತದೆ. ಕಪ್ಪಾಗಿರಬೇಕಾದ ಜಾಗಕ್ಕೂ ಬೀಳುತ್ತದೆ. ಲೆಕ್ಕ ಹಾಕಿ ನೋಡಿ: ಬಿಳಿ ಭಾಗದ ಹೊಳಪು 100 ಅಂತಿಟ್ಟುಕೊಂಡರೆ, ಅದರಲ್ಲಿ ಬರೀ 2ರಷ್ಟು ಬೆಳಕು ಸುತ್ತಿ ಬಂದು ಕಪ್ಪು ಭಾಗಕ್ಕೆ ಬಿದ್ದರೂ ಕಾಂಟ್ರಾಸ್ಟ್, ಅಂದರೆ ಬಿಳಿ ಕಪ್ಪಿನ ಎಷ್ಟು ಪಟ್ಟು ಹೊಳೆಯುತ್ತದೆ ಎನ್ನುವ ಲೆಕ್ಕ, 50 ದಾಟುವುದಿಲ್ಲ. ಪ್ರೊಜೆಕ್ಟರಿನ ಡಬ್ಬಿ ಮೇಲೆ 10,000 ಅಂತ ಬರೆದಿರಲಿ, 1,00,000 ಅಂತ ಬರೆದಿರಲಿ, ಆ ಕೋಣೆಯಲ್ಲಿ ಸಿಗುವುದು 50. ಡಬ್ಬಿಯ ಮೇಲಿನ ಅಂಕಿ ಸಾಮಾನ್ಯವಾಗಿ ಪೂರ್ತಿ ಬಿಳಿ, ಪೂರ್ತಿ ಕಪ್ಪು ಪರದೆಗಳನ್ನು ಬೇರೆ ಬೇರೆಯಾಗಿ ಅಳೆದದ್ದು. ಹದಿನಾರು ಚೌಕದ ಕಪ್ಪು-ಬಿಳಿ ಹಾಸನ್ನು ಒಟ್ಟಿಗೇ ಬಿಟ್ಟು ಅಳೆಯುವ ಆನ್ಸಿ ಕಾಂಟ್ರಾಸ್ಟ್ ಎನ್ನುವುದೊಂದಿದೆ. ಮನೆಯಲ್ಲಿ ಸಿನಿಮಾ ನೋಡುವವರಿಗೆ ಹತ್ತಿರದ್ದು ಅದು, ಆದರೆ ಅದನ್ನು ಡಬ್ಬಿ ಮೇಲೆ ಹಾಕುವವರು ಕಡಿಮೆ.

ಬೆಳ್ಳಗೆ ಬಣ್ಣ ಬಳಿದ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ. 80ಕ್ಕಿಂತ ಹೆಚ್ಚನ್ನು ವಾಪಸ್ ಕಳಿಸುತ್ತದೆ. ಕೆನೆ ಬಣ್ಣ ಅದಕ್ಕಿಂತ ಸ್ವಲ್ಪ ಕಡಿಮೆ. ಹೊಳಪಿಲ್ಲದ ಕಪ್ಪು ಬಣ್ಣವಾದರೆ ಶೇ. 5ರ ಆಸುಪಾಸು. ಒಳ್ಳೆಯ ಕಪ್ಪು ಮಖಮಲ್ ಅದಕ್ಕೂ ಎಷ್ಟೋ ಕಡಿಮೆ. ವಾಪಸ್ ಬರುವ ಬೆಳಕು ಗೋಡೆಯ ಬಣ್ಣವನ್ನೂ ಹೊತ್ತು ತರುತ್ತದೆ. ನಿಮ್ಮ ಹಲಸಿನ ಹಲಗೆಯ ಹಳದಿ, ಗಾರೆಯ ಕೆಂಪು, ಎರಡೂ ಪರದೆಗೆ ಹತ್ತುತ್ತವೆ. ರಾತ್ರಿಯ ದೃಶ್ಯಗಳಲ್ಲಿ ನೀಲಿ ನೀಲಿಯಾಗಿ ಕಾಣುವುದಿಲ್ಲ ಅಂತ ನಿಮಗೆ ಅನಿಸಿರಲಿಕ್ಕೂ ಸಾಕು.

ಎಲ್ಲಿಂದ ಶುರು ಮಾಡಬೇಕು? ಸೀಲಿಂಗಿನಿಂದ. ಜನ ಮಾಡುವುದು ತಿರುಗುಮುರುಗು: ಪರದೆಯ ಹಿಂದಿನ ಗೋಡೆಗೆ ಕಪ್ಪು ಬಳಿದು ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಆ ಗೋಡೆ ಕಪ್ಪಾದರೆ ಕಣ್ಣಿಗೆ ಹಿತ, ಚಿತ್ರ ಎದ್ದು ಕಾಣುತ್ತದೆ, ಸರಿ. ಆದರೆ ಪರದೆಗೆ ಬೆಳಕು ವಾಪಸ್ ಎಸೆಯುವುದು ಅದರ ಎದುರಿಗೂ ಬದಿಗೂ ಇರುವ ಜಾಗ. ಅದರಲ್ಲೂ ಪರದೆಗೆ ಅಂಟಿಕೊಂಡ ಹಾಗೆ ಇರುವ ಸೀಲಿಂಗ್. ಬೇಕಿದ್ದರೆ ಅರ್ಧ ಕಪ್ಪು ಅರ್ಧ ಬಿಳಿ ಚಿತ್ರ ಬಿಟ್ಟುಕೊಂಡು, ಮನೆಯವರನ್ನು ಏಣಿ ಹತ್ತಿಸಿ, ಪರದೆಯ ಮುಂದಿನ ಹಲಗೆಗೆ ಒಂದು ಕರಿ ಕಂಬಳಿ ಅಗಲವಾಗಿ ಬಿಡಿಸಿ ಹಿಡಿಯಲು ಹೇಳಿ. ನೀವು ಕೂತಲ್ಲೇ ಕೂತು ಕಪ್ಪು ಭಾಗದ ಮೇಲ್ಗಡೆ ನೋಡಿ. ಕಂಬಳಿ ಬಂದಾಗ ಆ ಭಾಗ ಇನ್ನಷ್ಟು ಕಪ್ಪಾಗುತ್ತದೆ, ತೆಗೆದಾಗ ಮಂಕು ತಿರುಗಿ ಬರುತ್ತದೆ. ಇದನ್ನು ಒಮ್ಮೆ ಕಣ್ಣಾರೆ ಕಂಡವರು ಮತ್ತೆ ಪ್ರೊಜೆಕ್ಟರಿನ ಮಾತೆತ್ತಿದ್ದನ್ನು ನಾನು ನೋಡಿಲ್ಲ.

ಸೀಲಿಂಗ್, ಎರಡು ಬದಿ ಗೋಡೆ, ಮೂರಕ್ಕೂ ಪರದೆಯಿಂದ ಈಚೆಗೆ ಐದಾರು ಅಡಿ ಕಪ್ಪು ಮಾಡಿದರೆ ದೊಡ್ಡ ಪಾಲು ಕೆಲಸ ಆದ ಹಾಗೆ. ಮಿಕ್ಕದ್ದು ನಿಧಾನಕ್ಕೆ.

ಆದರೆ ದಯವಿಟ್ಟು ಆ ಹಲಸಿನ ಹಲಗೆಗೆ ಪೇಂಟ್ ಹೊಡೆಯಬೇಡಿ. ಅಂಥ ಮರ, ಅಂಥ ಕೈಕೆಲಸ ಈಗ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಹೊಡೆದ ಕಪ್ಪನ್ನು ಕೆರೆದು ತೆಗೆಯುವಷ್ಟರಲ್ಲಿ ಮರ ಹಾಳು. ಅದರ ಬದಲು ರೀಪು ತಂದು ಆರಡಿ ಚೌಕದ ಹಗುರ ಚೌಕಟ್ಟು ಮಾಡಿಸಿ, ಅದಕ್ಕೆ ಬಟ್ಟೆ ಬಿಗಿದು, ತೊಲೆಗಳಿಗೆ ಕೊಕ್ಕೆ ಹಾಕಿ ತೂಗಿಸಿ. ಬೇಡವಾದಾಗ ಇಳಿಸಬಹುದು.

ಬಟ್ಟೆ ಯಾವುದು? ಕಪ್ಪುತನದಲ್ಲಿ ಮಖಮಲ್ಲೇ ಮೇಲು. ಅದರ ರೋಮದ ನಡುವೆ ಹೊಕ್ಕ ಬೆಳಕು ಹೊರಗೆ ಬರುವುದು ಬಹಳ ಕಡಿಮೆ. ಅಂಗಡಿಯಲ್ಲಿ ಬಟ್ಟೆ ಮೇಲೆ ಅಂಗೈ ಸವರಿ ನೋಡಿ: ಒಂದು ಕಡೆ ಸವರಿದರೆ ನುಣ್ಣಗೆ ಮಲಗಿ ಹೊಳೆಯುತ್ತದೆ, ಇನ್ನೊಂದು ಕಡೆ ಸವರಿದರೆ ಎದ್ದು ನಿಂತು ಕಡು ಕಪ್ಪಾಗುತ್ತದೆ. ಗೋಡೆಗೆ ಇಳಿಬಿಡುವಾಗ ರೋಮ ಮೇಲ್ಮುಖವಾಗಿರಲಿ, ಆಗಲೇ ಕಪ್ಪು ಹೆಚ್ಚು. ಎರಡು ತುಂಡು ಜೋಡಿಸುವಾಗ ದರ್ಜಿಗೆ ಇದನ್ನು ಹೇಳದಿದ್ದರೆ ಒಂದು ಮೇಲ್ಮುಖ, ಒಂದು ಕೆಳಮುಖವಾಗಿ ಒಂದೇ ಗೋಡೆಯಲ್ಲಿ ಎರಡು ಬಣ್ಣ ಕಾಣುತ್ತದೆ.

ನಿಮ್ಮ ಕಡೆ ಮಳೆಯನ್ನು ನೆನೆದರೆ ಮಾತ್ರ ನಾನು ಬದಿ ಗೋಡೆಗೆ ಕರಿ ಕಂಬಳಿಯನ್ನೇ ಹೇಳುತ್ತೇನೆ. ಚಳ್ಳಕೆರೆ ಕಡೆಯಿಂದ ಬರುವ, ಕರಿ ಕುರಿಯ ಉಣ್ಣೆಯಲ್ಲೇ ನೇಯ್ದ ಒರಟು ಕಂಬಳಿ. ಬಣ್ಣ ಹಾಕಿದ್ದಲ್ಲವಾದ್ದರಿಂದ ಬಿಡುವ ಚಿಂತೆ ಇಲ್ಲ. ಮಖಮಲ್‌ನಷ್ಟು ಕಡು ಕಪ್ಪಲ್ಲ, ಸ್ವಲ್ಪ ಕಂದು ಬೆರೆತಿರುತ್ತದೆ, ಆದರೆ ಹೊಳಪು ಎಂಬುದೇ ಇಲ್ಲ. ಮೇಲಾಗಿ ಸದ್ದನ್ನೂ ನುಂಗುತ್ತದೆ. ಗಾರೆ ನೆಲದ ಹಾಲ್‌ನಲ್ಲಿ ಮಾತು ಕೊರೆಯುವ ಹಾಗೆ ಕೇಳುವುದು ಸಾಕಷ್ಟು ತಗ್ಗುತ್ತದೆ. ಹೊಸ ಕಂಬಳಿಗೆ ಹುಣಸೆಬೀಜದ ಗಂಜಿ ಹಾಕಿರುತ್ತಾರೆ, ಅದನ್ನು ತಣ್ಣೀರಿನಲ್ಲಿ ನೆನೆಸಿ ತೊಳೆದು, ಒಣಗಿಸಿಯೇ ಕಟ್ಟಿ. ಗಂಜಿ ಉಳಿದರೆ ಬೂಷ್ಟಿಗೂ ಹುಳಕ್ಕೂ ಊಟ.

ಗೋಡೆಗೆ ಅಂಟಿಸಿ ಮೊಳೆ ಹೊಡೆಯಬೇಡಿ. ಕಕ್ಕಡ ತಿಂಗಳ ಜಡಿಮಳೆಯಲ್ಲಿ ಪಡುವಣ ಗೋಡೆ ಬೆವರುವುದು ನಿಮಗೆ ಗೊತ್ತಿದ್ದದ್ದೇ. ಸರಳಿಗೆ ಬಳೆ ಹಾಕಿ, ಗೋಡೆಗೂ ಬಟ್ಟೆಗೂ ಮೂರು ಇಂಚಾದರೂ ಸಂದು ಬಿಡಿ, ಸಿನಿಮಾ ಮುಗಿದ ಮೇಲೆ ಒತ್ತಟ್ಟಿಗೆ ಸರಿಸಿಡಿ. ಹುತ್ತರಿ ಹಬ್ಬ ಕಳೆದ ಮೇಲೆ ಕಾಫಿ ಕಣದಲ್ಲಿ ಜಾಗ ಇದ್ದ ದಿನ ಎಲ್ಲವನ್ನೂ ಕಳಚಿ ಬಿಸಿಲಿಗೆ ಹಾಕಿ, ಕೋಲಲ್ಲಿ ಬಡಿದು, ಬೇವಿನೆಲೆ ಹಾಕಿ ತೆಗೆದಿಡಿ. ಪ್ರೊಜೆಕ್ಟರಿನ ಬಿಸಿಗಾಳಿ ಹೊರಬರುವ ಬದಿಗೆ ಎರಡು ಅಡಿಯ ಒಳಗೆ ಯಾವ ಬಟ್ಟೆಯೂ ಬರಬಾರದು. ಕರೆಂಟ್ ಹೋದಾಗ ಆ ಕೋಣೆಯಲ್ಲಿ ಮೇಣದಬತ್ತಿ ಬೇಡ, ಟಾರ್ಚ್ ಇಟ್ಟುಕೊಳ್ಳಿ.

ನೆಲಕ್ಕೆ ಪರದೆಯ ಕೆಳಗೆ ಒಂದು ಕಡುಬಣ್ಣದ ಜಮಖಾನ ಸಾಕು. ತಿಕ್ಕಿ ತಿಕ್ಕಿ ನುಣುಪಾದ ಕೆಂಪು ಗಾರೆ ಕನ್ನಡಿಯ ಹಾಗೆ, ಪರದೆಯ ಕೆಳ ಅಂಚು ಅದರಲ್ಲಿ ತಲೆಕೆಳಗಾಗಿ ಕಾಣುತ್ತಿರುತ್ತದೆ.

ಇಷ್ಟು ಮಾಡಿದ ಮೇಲೆ ಇನ್ನೊಂದು. ಟಾಕೀಸಿನ ಆಪರೇಟರ್ ಕೋಣೆಯಲ್ಲಿ ದುಡಿದವನಾದ್ದರಿಂದ ಇದನ್ನು ಹೇಳದೆ ಬಿಡಲಾರೆ. ಪರದೆಯ ಸುತ್ತ ಕಪ್ಪು ಬಟ್ಟೆ ಕಟ್ಟಿ, ಸ್ಕೋಪ್ ಚಿತ್ರ, ಅಂದರೆ ಹೆಚ್ಚು ಅಗಲದ ಸಿನಿಮಾ, ಬಂದಾಗ ಒಂದು ಅಳತೆಗೆ, ಇಲ್ಲದಾಗ ಇನ್ನೊಂದು ಅಳತೆಗೆ ಅದನ್ನು ಸರಿಸುತ್ತಿದ್ದೆವು. ಚಿತ್ರದ ಅಂಚು ಕತ್ತರಿಸಿದ ಹಾಗೆ ಚೂಪಾಗಿ ನಿಲ್ಲಬೇಕು ಎನ್ನುವುದು ಆ ಕಸುಬಿನ ಮರ್ಯಾದೆ. ನಿಮ್ಮ 100 ಇಂಚಿನ ಪರದೆ 16:9 ಅಳತೆಯದ್ದು, ಅಂದರೆ ಸುಮಾರು 87 ಇಂಚು ಅಗಲ, 49 ಇಂಚು ಎತ್ತರ. 2.39ರ ಸ್ಕೋಪ್ ಸಿನಿಮಾ ಹಾಕಿದರೆ ಅದರಲ್ಲಿ ಚಿತ್ರದ ಎತ್ತರ ಮೂವತ್ತಾರೂವರೆ ಇಂಚು ಮಾತ್ರ. ಮೇಲೆ ಆರು, ಕೆಳಗೆ ಆರು ಇಂಚಿನ ಖಾಲಿ ಪಟ್ಟಿ ಬೂದು ಬಣ್ಣಕ್ಕೆ ಉಳಿಯುತ್ತದೆ. ತೆಳು ಪ್ಲೈವುಡ್ಡಿನ ಆರಿಂಚು ಅಗಲದ ಎರಡು ಪಟ್ಟಿಗೆ ಮಖಮಲ್ ಸುತ್ತಿ ಆ ಜಾಗಕ್ಕೆ ಸಿಕ್ಕಿಸಿ. ಆಮೇಲೆ ಅದೇ ಚಿತ್ರವನ್ನು ನೋಡಿ.

ಪ್ರಶ್ನೆ: ಕುಶಾಲನಗರದಲ್ಲಿ ಹೊಸ ಮನೆ ಕಟ್ಟಿದ್ದೇವೆ. ಒಂದು ಕೋಣೆ ಹೋಂ ಥಿಯೇಟರಿಗೆ ಅಂತಲೇ ಬಿಟ್ಟಿದ್ದೇವೆ. ನನ್ನ ಗಂಡ ನಾಲ್ಕೂ ಗೋಡೆಗೆ ಕಪ್ಪು ಬಣ್ಣ ಬೇಕು ಅನ್ನುತ್ತಾರೆ. ನನ್ನ ಅತ್ತೆ ಹೊಸ ಮನೆಗೆ ಕಪ್ಪು ಕೂಡದು ಅನ್ನುತ್ತಾರೆ. ನಡುವೆ ನಾನು. ಏನು ಮಾಡಲಿ ಅಣ್ಣ?

ಉತ್ತರ: ತಂಗೀ, ಅತ್ತೆಯವರ ಮಾತು ನಡೆಸಿಕೊಡಿ. ಚಿತ್ರಕ್ಕೇನೂ ದೊಡ್ಡ ನಷ್ಟವಿಲ್ಲ. ಹಿರಿಯರು ಒಳಗೆ ಬಂದು ಕೂರಲು ಹಿಂಜರಿಯುವ ಕೋಣೆ ಎಷ್ಟು ಕಪ್ಪಾಗಿದ್ದು ಏನು ಬಂತು?

ಬಣ್ಣದ ಹೆಸರಿಗಿಂತ ಹೊಳಪು ಮುಖ್ಯ. ಹೊಳೆಯುವ ಕಪ್ಪು ಆಯಿಲ್ ಪೇಂಟಿಗಿಂತ ಹೊಳಪಿಲ್ಲದ ಕಡು ಬೂದು ಎಷ್ಟೋ ವಾಸಿ, ಯಾಕೆಂದರೆ ಹೊಳೆಯುವ ಗೋಡೆಯಲ್ಲಿ ಪರದೆಯ ಚಿತ್ರವೇ ಮೂಡಿ ಕಣ್ಣು ಅತ್ತ ಎಳೆಯುತ್ತದೆ. ಅಂಗಡಿಯಲ್ಲಿ ‘ಮ್ಯಾಟ್ ಫಿನಿಶ್ ಇಮಲ್ಶನ್’ ಅಂತಲೇ ಕೇಳಿ. ಸ್ಯಾಟಿನ್, ಶೀನ್, ಸಿಲ್ಕ್ ಎಂದು ಹೆಸರಿರುವುದು ಯಾವುದೂ ಬೇಡ. ಕಡು ಬೂದು ಮೊದಲ ಆಯ್ಕೆ, ಅದು ಚಿತ್ರಕ್ಕೆ ತನ್ನ ಬಣ್ಣ ಹತ್ತಿಸುವುದಿಲ್ಲ. ಅದೂ ಅವರಿಗೆ ಮಂಕು ಅನಿಸಿದರೆ ಹುರಿದ ಕಾಫಿಬೀಜದ ಬಣ್ಣ ತೋರಿಸಿ, ಕೊಡಗಿನ ಅತ್ತೆಯವರು ಅದಕ್ಕೆ ಬೇಡ ಅನ್ನಲಾರರು. ಸೀಲಿಂಗ್ ಬಿಳಿಯೇ ಇರಲಿ ಎಂದು ಪೇಂಟರ್ ಹಟ ಹಿಡಿಯುತ್ತಾನೆ, ಅವನ ಮಾತು ಮಾತ್ರ ಕೇಳಬೇಡಿ. ಗಾಢ ಬಣ್ಣ ಒಂದೇ ಕೈಗೆ ಸಮವಾಗಿ ಕೂರುವುದಿಲ್ಲ, ಎರಡು ಮೂರು ಕೈ ಬೇಕು. ಗಾರೆ ಪೂರ್ತಿ ಒಣಗುವ ಮುಂಚೆ ಹೊಡೆದರೆ ಉಪ್ಪು ಹೊರಬಂದು ಬಿಳಿ ಕಲೆ ಏಳುತ್ತದೆ, ಕಡು ಬಣ್ಣದಲ್ಲಿ ಅದು ದೂರದಿಂದಲೇ ಕಾಣುತ್ತದೆ.

ನಿಮ್ಮ ಯಜಮಾನರಿಗೆ ಕಪ್ಪು ಬೇಕೇ ಬೇಕು ಅಂತಿದ್ದರೆ, ಪರದೆಯ ಎರಡೂ ಬದಿಗೆ ಸರಿಸುವ ಕಪ್ಪು ಕರ್ಟನ್ ಹಾಕಿಸಿಕೊಡಿ. ಸಿನಿಮಾ ಹೊತ್ತಿಗೆ ಎಳೆದುಕೊಳ್ಳಲಿ, ಹಬ್ಬದ ದಿನ ಕಟ್ಟಿಡಲಿ.

ಪ್ರಶ್ನೆ: ಗೋಣಿಕೊಪ್ಪದಿಂದ ಬರೆಯುತ್ತಿದ್ದೇನೆ. ಹಗಲು ಕ್ರಿಕೆಟ್ ನೋಡಲು ಆಗುತ್ತಿಲ್ಲ. ಬ್ಲ್ಯಾಕ್‌ಔಟ್ ಕರ್ಟನ್ ಹಾಕಿದರೂ ಬೆಳಕು ಬರುತ್ತದೆ. ಬೆಳಕು ತಡೆಯುವ ಬೂದು ಪರದೆ ಸಿಗುತ್ತದಂತೆ, ಅದನ್ನು ತಂದರೆ ಸಾಕಾ?

ಉತ್ತರ: ಕರ್ಟನ್ ಬಟ್ಟೆಯ ಮೂಲಕ ಬೆಳಕು ಬರುತ್ತಿಲ್ಲ, ಮೇಲಿನಿಂದಲೂ ಬದಿಯಿಂದಲೂ ಬರುತ್ತಿದೆ. ಸರಳನ್ನು ಕಿಟಕಿ ಚೌಕಟ್ಟಿಗಿಂತ ಎರಡೂ ಕಡೆ ಅರ್ಧ ಅಡಿ ಹೆಚ್ಚು ಉದ್ದ ಮಾಡಿ, ತುದಿಗಳನ್ನು ಗೋಡೆಗೆ ಬಗ್ಗಿಸಿ, ಮೇಲೆ ಮರದ ಪಟ್ಟಿಯ ಮುಚ್ಚಳ ಕೊಡಿ. ಇನ್ನೂ ಗಟ್ಟಿ ಉಪಾಯ ಬೇಕಿದ್ದರೆ ಕಿಟಕಿಯ ಅಳತೆಗೆ ಪ್ಲೈವುಡ್ ಕೊಯ್ಸಿ, ಅಂಚಿಗೆ ಫೋಮ್ ಪಟ್ಟಿ ಅಂಟಿಸಿ, ಹಿಡಿ ಹಾಕಿ ಇಟ್ಟುಕೊಳ್ಳಿ. ಪಂದ್ಯದ ಹೊತ್ತಿಗೆ ಒತ್ತಿ ಕೂರಿಸಿ, ಮುಗಿದ ಮೇಲೆ ತೆಗೆದು ಗಾಳಿಯಾಡಲು ಬಿಡಿ. ಬಾಗಿಲ ಮೇಲಿನ ವೆಂಟಿಲೇಟರ್, ಹೆಂಚಿನ ಮನೆಯಾದರೆ ಗಾಜಿನ ಹೆಂಚು, ಬಾಗಿಲಡಿಯ ಸಂದು, ಇವನ್ನು ಮರೆಯಬೇಡಿ. ಎಲ್ಲ ಮುಚ್ಚಿ ಐದು ನಿಮಿಷ ಒಳಗೆ ಕೂತರೆ ಕಣ್ಣು ಕತ್ತಲಿಗೆ ಒಗ್ಗುತ್ತದೆ, ಎಲ್ಲಿ ಸೋರುತ್ತಿದೆ ಎಂದು ಆಗ ತಾನಾಗಿ ಕಾಣುತ್ತದೆ.

ಆ ವಿಶೇಷ ಪರದೆ ಒಳ್ಳೆಯದೇ. ಮೇಲಿನಿಂದಲೋ ಬದಿಯಿಂದಲೋ ಬರುವ ಬೆಳಕನ್ನು ನೋಡುವವರತ್ತ ಬರದಂತೆ ಬೇರೆಡೆಗೆ ತಿರುಗಿಸುವ ಹಾಗೆ ಅದರ ಮೈಯನ್ನು ಮಾಡಿರುತ್ತಾರೆ. ಕಿಟಕಿ ಮುಚ್ಚಲು ಒಪ್ಪದ ಹಾಲ್‌ಗೆ ಅದೇ ಸರಿ. ಆದರೆ ಬೆಲೆ ಹೆಚ್ಚು, ಬದಿಯಲ್ಲಿ ಕೂತವರಿಗೆ ಚಿತ್ರ ಮಂಕು, ಕೆಲವದರಲ್ಲಿ ಬಿಳಿ ಜಾಗ ಮಿಣುಗುಟ್ಟುತ್ತದೆ. ನಿಮ್ಮ ಕೋಣೆಯನ್ನು ಮುಚ್ಚಲು ಆಗುತ್ತದೆ ಎಂದಾದರೆ ನಾನು ಪ್ಲೈವುಡ್ಡಿಗೇ ಮತ ಹಾಕುತ್ತೇನೆ.

ಪ್ರಶ್ನೆ: ಪ್ರೊಜೆಕ್ಟರ್ ಇಲ್ಲ, ಟಿವಿ ಮಾತ್ರ. ಎದುರಿನ ಕಿಟಕಿ ಅದರಲ್ಲೇ ಕಾಣುತ್ತದೆ. (ಸೋಮವಾರಪೇಟೆ)

ಉತ್ತರ: ಟಿವಿಯನ್ನು ಕಿಟಕಿಯ ಎದುರಿನ ಗೋಡೆಯಿಂದ ಪಕ್ಕದ ಗೋಡೆಗೆ ಬದಲಿಸಿ. ಆಗದಿದ್ದರೆ ಕಿಟಕಿಗೆ ದಪ್ಪ ಕರ್ಟನ್. ಟಿವಿಯ ಎದುರು, ನೀವು ಕೂರುವ ಸೋಫಾದ ಹಿಂದಿನ ಗೋಡೆಯಲ್ಲಿ ಗಾಜು ಹಾಕಿದ ಫೋಟೋಗಳಿದ್ದರೆ ಅವನ್ನೂ ಪಕ್ಕಕ್ಕೆ ಸರಿಸಿ. ರಾತ್ರಿ ಪೂರ್ತಿ ಕತ್ತಲಲ್ಲಿ ಕಣ್ಣು ನೋಯುತ್ತದೆ ಎನ್ನುವವರು ಟಿವಿಯ ಬೆನ್ನಿಗೆ 6500 ಕೆಲ್ವಿನ್‌ನ ಮಂದ ಬಿಳಿ ಎಲ್‌ಇಡಿ ಪಟ್ಟಿ ಅಂಟಿಸಿ. ಬಣ್ಣ ಬದಲಾಯಿಸುವ ಪಟ್ಟಿ ಬೇಡ, ಚಿತ್ರದ ಬಣ್ಣ ಕೆಡಿಸುತ್ತದೆ.

ಪ್ರಶ್ನೆ: ಮಡಿಕೇರಿಯಲ್ಲಿ ಮಳೆಗಾಲ ಪೂರ್ತಿ ಕಿಟಕಿ ಮುಚ್ಚಿಟ್ಟರೆ ಪ್ರೊಜೆಕ್ಟರಿಗೆ ತೊಂದರೆಯೇ?

ಉತ್ತರ: ಹೌದು. ತೇವ ನಿಂತ ಕೋಣೆಯಲ್ಲಿ ಲೆನ್ಸಿನ ಗಾಜಿಗೂ ಬೂಷ್ಟು ಹಿಡಿಯುತ್ತದೆ, ಜೇಡರ ಬಲೆಯ ಎಳೆಯಂಥ ಗೆರೆ ಒಳಗೆ ಹರಡುತ್ತದೆ. ವಾರಗಟ್ಟಲೆ ಮುಚ್ಚಿಡಬೇಡಿ, ಒಂದೆರಡು ದಿನಕ್ಕೊಮ್ಮೆ ಅರ್ಧ ಗಂಟೆ ಓಡಿಸಿ, ಅದರ ಬಿಸಿಯೇ ತೇವ ಓಡಿಸುತ್ತದೆ. ತಿಂಗಳುಗಟ್ಟಲೆ ಊರಲ್ಲಿರುವುದಿಲ್ಲ ಎಂದಾದರೆ ಇಳಿಸಿ, ಗಾಳಿ ಹೋಗದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆಗೆ ಇಡಿ. ಜೆಲ್ ಕಾಳು ಬಣ್ಣ ಬದಲಿಸಿದಾಗ ಬಿಸಿ ಮಾಡಿ ಒಣಗಿಸಿದರೆ ಮತ್ತೆ ಬಳಸಬಹುದು.