ಅರಿಜೋನಾದಲ್ಲಿ ಬೇಟೆ: ಬ್ಯಾಟರಿ ಸಾಮಾನುಗಳಲ್ಲಿ ಯಾವುದು ನಡೆಯುತ್ತೆ, ಯಾವುದು ನಡೆಯಲ್ಲ

ಅರಿಜೋನಾದ ಚಾಂಡ್ಲರ್‌ಗೆ ಬಂದು ಆರು ತಿಂಗಳು, ಎಚ್‌-1ಬಿ ವೀಸಾ, ಆಫೀಸಿನ ಗೆಳೆಯರ ಜೊತೆ ಜಿಂಕೆ ಬೇಟೆಗೆ ಹೋಗುವ ಮನಸ್ಸಿದೆ. ಥರ್ಮಲ್ ಸ್ಕೋಪ್ (ಮೈಯ ಶಾಖದಿಂದ ಪ್ರಾಣಿಯನ್ನು ತೋರಿಸುವ, ಕೋವಿಯ ಗುರಿ ದುರ್ಬೀನು), ಟ್ರೇಲ್ ಕ್ಯಾಮೆರಾ (ಕಾಡಿನಲ್ಲಿ ಕಟ್ಟಿಟ್ಟರೆ ಹಾದುಹೋಗುವ ಪ್ರಾಣಿಯ ಚಿತ್ರ ತಾನೇ ತೆಗೆಯುವ ಕ್ಯಾಮೆರಾ), ಡ್ರೋನ್‌ಗಳಲ್ಲಿ ಯಾವುದಕ್ಕೆ ಅನುಮತಿ ಇದೆ ಅಂತ ಕೇಳಿದ್ದೀರಿ. ಅದಕ್ಕೂ ಮೊದಲು ಕೋವಿಯ ವಿಷಯ. ಅಲ್ಲಿ ತಪ್ಪಿದರೆ ದಂಡ ಕಟ್ಟಿ ಮುಗಿಯುವುದಿಲ್ಲ, ವೀಸಾಕ್ಕೇ ಕುತ್ತು.

ಎಚ್‌-1ಬಿ, ಎಚ್‌-4, ಎಫ್‌-1 ವೀಸಾದಲ್ಲಿರುವವರು (ಅಂದ್ರೆ ಕೆಲಸಕ್ಕೆ ಬಂದವರು, ಅವರ ಕುಟುಂಬದವರು, ವಿದ್ಯಾರ್ಥಿಗಳು) ಕೋವಿ, ತೋಟಾ ಎರಡನ್ನೂ ಇಟ್ಟುಕೊಳ್ಳಬಾರದು ಅನ್ನುತ್ತದೆ ಫೆಡರಲ್ ಕಾನೂನು. ಮುಖ್ಯ ವಿನಾಯಿತಿ ಅಂದ್ರೆ ಇಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಬರೀ ಮೀನು ಹಿಡಿಯುವ ಲೈಸೆನ್ಸ್ ಸಾಲದು. ಅರಿಜೋನಾದ್ದು ಕೊಂಡ ದಿನದಿಂದ 365 ದಿನ ನಡೆಯುತ್ತೆ. ಅದು ಮುಗಿದ ಮರುದಿನ ಬೀರುವಿನಲ್ಲಿರುವ ಕೋವಿಯೇ ಅಪರಾಧ. ನವೀಕರಣದ ದಿನವನ್ನು ಈಗಲೇ ಫೋನಿನಲ್ಲಿ ಹಾಕಿಡಿ.

ಇನ್ನು ಸಾಮಾನು. ಗೊಂದಲ ಹುಟ್ಟುವುದೇ ನಿಯಮದಲ್ಲಿ ಬರುವ 'ಟೇಕ್' ಅನ್ನೋ ಪದದಿಂದ. ಕೊಲ್ಲುವುದಷ್ಟೇ ಟೇಕ್ ಅಂತ ಬಹಳ ಜನ ತಿಳಿದಿರುತ್ತಾರೆ. ಅರಿಜೋನಾ ಕಾನೂನಿನಲ್ಲಿ ಹಿಂಬಾಲಿಸುವುದು, ಬೇಟೆಗೆ ಹುಡುಕಾಡುವುದು, ಗುಂಡು ಹಾರಿಸುವುದು ಎಲ್ಲವೂ ಅದರೊಳಗೇ. ಹಾಗಾಗಿ "ಥರ್ಮಲ್‌ನಲ್ಲಿ ಬರೀ ಹುಡುಕಿದೆ, ಹೊಡೆದದ್ದು ಮಾಮೂಲಿ ಸ್ಕೋಪಿನಲ್ಲಿ" ಅನ್ನುವ ಸಮಜಾಯಿಷಿ ನಿಲ್ಲುವುದಿಲ್ಲ.

ನಿಯಮದ ಸಂಖ್ಯೆ ಆರ್12-4-303. ಇದನ್ನು ಮೂಲದಲ್ಲೇ ಓದಿ. ಪ್ರತಿವರ್ಷ ಬರುವ ಕೈಪಿಡಿ ಅದರ ಸಾರಾಂಶ ಅಷ್ಟೇ. ರಾತ್ರಿನೋಟದ ಉಪಕರಣ, ಬೆಳಕನ್ನು ಎಲೆಕ್ಟ್ರಾನಿಕ್ ಆಗಿ ಹೆಚ್ಚಿಸುವ ಉಪಕರಣ, ಥರ್ಮಲ್, ಕಣ್ಣಿಗೆ ಕಾಣುವ ಕಿರಣ ಬಿಟ್ಟು ಗುರಿ ತೋರಿಸುವ ಲೇಸರ್ ಇವೆಲ್ಲ ನಿಷಿದ್ಧ. ಆದರೆ ದೂರ ಅಳೆಯುವ ರೇಂಜ್‌ಫೈಂಡರ್ ಬಳಸಬಹುದು, ಅದರ ಲೇಸರ್ ಕಣ್ಣಿಗೆ ಕಾಣುವುದಿಲ್ಲ. ಒಳಗಿನ ಗುರಿಗೆರೆ ಬೆಳಗುವ ಸ್ಕೋಪೂ ಸರಿ, ಬೆಳಕು ಸ್ಕೋಪಿನೊಳಗೇ ಉಳಿಯುತ್ತೆ, ಪ್ರಾಣಿಯ ಮೈಮೇಲೆ ಬೀಳುವುದಿಲ್ಲ. ಬ್ಯಾಟರಿ ಇದೆಯೋ ಇಲ್ಲವೋ ಅನ್ನುವುದು ಇಲ್ಲಿ ಪ್ರಶ್ನೆಯೇ ಅಲ್ಲ. ಗುರಿಯನ್ನು ತಾನೇ ಹಿಂಬಾಲಿಸುವ, ಟ್ರಿಗರ್ ಕಂಪ್ಯೂಟರ್ ಹಿಡಿತದಲ್ಲಿರುವ 'ಸ್ಮಾರ್ಟ್' ಕೋವಿಯಂತೂ ಕೂಡದು. ದೂರ ಅಳೆದು ಗುರಿಬಿಂದುವನ್ನೂ ತೋರಿಸುವ ಹೊಸ ಸ್ಕೋಪ್ ಕೊಳ್ಳುವವರಿದ್ದರೆ, ಮಾಡೆಲ್ ಹೆಸರು ಬರೆದು ಅರಿಜೋನಾದ ಗೇಮ್ ಅಂಡ್ ಫಿಶ್ (ವನ್ಯಜೀವಿ) ಇಲಾಖೆಗೆ ಇ-ಮೇಲ್ ಹಾಕಿ, ಉತ್ತರ ಇಟ್ಟುಕೊಳ್ಳಿ. ಅಂಗಡಿಯವರ ಮಾತಿನ ಮೇಲೆ ಇಷ್ಟು ದುಡ್ಡು ಹಾಕಬೇಡಿ.

ಟ್ರೇಲ್ ಕ್ಯಾಮೆರಾಕ್ಕೆ 2022ರ ಜನವರಿ 1ರಿಂದ ನಿಷೇಧವಿದೆ. ಫೋನಿಗೆ ಚಿತ್ರ ಕಳಿಸುವಂಥದ್ದಾಗಲಿ, ಕಾರ್ಡಿನಲ್ಲಿ ಉಳಿಸುವಂಥದ್ದಾಗಲಿ, ಬೇಟೆಗೆ ಅಥವಾ ಬೇಟೆಗಾಗಿ ಪ್ರಾಣಿ ಎಲ್ಲಿದೆ ಅಂತ ನೋಡಲು ಇಡುವಂತಿಲ್ಲ. ಒಣ ರಾಜ್ಯ ಇದು. ನೀರಿರುವ ನಾಲ್ಕು ಕಡೆ ಕ್ಯಾಮೆರಾ ಕಟ್ಟಿದರೆ ಆ ಸುತ್ತಿನ ಪ್ರಾಣಿಗಳೆಲ್ಲ ಸಿಕ್ಕಿಬೀಳುತ್ತವೆ. ಈ ನಿಷೇಧ ನ್ಯಾಯವಾದದ್ದೇ. ಪಕ್ಕದ ನೆವಾಡಾ, ಯೂಟಾಗಳಲ್ಲಿ ಇದು ವರ್ಷದ ಕೆಲವು ತಿಂಗಳಿಗೆ ಮಾತ್ರ, ಹಾಗಾಗಿ ಅಲ್ಲಿಯ ಗೆಳೆಯರು ಹೇಳಿದ್ದು ಇಲ್ಲಿಗೆ ಹೊಂದುವುದಿಲ್ಲ.

ಡ್ರೋನ್ ಇಲ್ಲಿ ವಿಮಾನದ ಲೆಕ್ಕ. ದೊಡ್ಡ ಪ್ರಾಣಿಗಳ ಸೀಸನ್ ಶುರುವಾಗುವ 48 ಗಂಟೆ ಮೊದಲಿನಿಂದ ಮುಗಿಯುವವರೆಗೆ ಆ ಯೂನಿಟ್‌ನಲ್ಲಿ (ಬೇಟೆಗೆ ಗುರುತಿಸಿದ ಪ್ರದೇಶದಲ್ಲಿ) ಮೇಲಿನಿಂದ ಪ್ರಾಣಿ ಹುಡುಕುವಂತಿಲ್ಲ, ಡ್ರೋನ್ ನೆರವಿನಿಂದ ಬೇಟೆಯಂತೂ ಯಾವಾಗಲೂ ಇಲ್ಲ. ಫೋನಿನ ಮ್ಯಾಪ್‌ಗೆ ತಡೆಯಿಲ್ಲ. ಸಿಗ್ನಲ್ ಸಿಗದ ಕಡೆಗೆ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಪ್ರಾಣಿಯ ಕೂಗು ಹೊರಡಿಸುವ ಸ್ಪೀಕರ್ ಪೆಟ್ಟಿಗೆಯ ವಿಷಯದಲ್ಲಿ ಹೊಸಬರು ಎಡವುತ್ತಾರೆ. ಕಯೋಟಿಯನ್ನು (ನರಿಯಂಥ ಕಾಡುಪ್ರಾಣಿ) ಕರೆಯಲು ಇಂಥ ಎಲೆಕ್ಟ್ರಾನಿಕ್ ಪೆಟ್ಟಿಗೆ ಬಳಸಬಹುದು. ಅದೇ ಪೆಟ್ಟಿಗೆಯಲ್ಲಿ ಬಾತುಕೋಳಿಯ ಕೂಗು ಹಾಕಿ ಬಾತುಕೋಳಿ ಹೊಡೆದರೆ ಫೆಡರಲ್ ಅಪರಾಧ, ಯಾಕಂದ್ರೆ ವಲಸೆ ಹಕ್ಕಿಗೆ ರೆಕಾರ್ಡ್ ಮಾಡಿದ ಅಥವಾ ವಿದ್ಯುತ್ತಿನಿಂದ ಜೋರು ಮಾಡಿದ ಕೂಗು ಕೂಡದು. ಬಾಯಲ್ಲಿ ಊದಿ ಕೂಗು ಹೊರಡಿಸುವ ಪೀಪಿ ಸರಿ.

ಕಾಫಿ ತೋಟಕ್ಕೆ ಆನೆ ಬರುವುದನ್ನು ನೋಡಲು ಬೇಕು ಅಂತ ಕೊಡಗಿನಿಂದಲೋ ಸಕಲೇಶಪುರದಿಂದಲೋ ಯಾರಾದರೂ ಥರ್ಮಲ್ ತಂದುಕೊಡಿ ಅಂತ ಕೇಳಿದರೆ ಒಪ್ಪಬೇಡಿ. ಇಂಥ ಉಪಕರಣಗಳ ಮೇಲೆ ಅಮೆರಿಕದ ರಫ್ತು ನಿಯಂತ್ರಣವಿದೆ. ಸೂಟ್‌ಕೇಸಿನಲ್ಲಿ ಒಯ್ದರೂ ಅದು ರಫ್ತೇ.