‘ಅಂಗಡಿ ನನ್ನದು’ ಅಂದರೆ ಮುಗಿಯಿತೇ?

ಪ್ರಶ್ನೆ: ನಮ್ಮೂರಿನ ಸಲೂನ್‌ನಲ್ಲಿ ನಮ್ಮ ಕೇರಿಯವರಿಗೆ ಕಟಿಂಗ್ ಮಾಡುವುದಿಲ್ಲ. ಜಾತಿಯ ಮಾತು ಬಾಯಲ್ಲಿ ಬರುವುದೇ ಇಲ್ಲ. ‘ಬ್ಲೇಡ್ ಖಾಲಿ’, ‘ಕರೆಂಟ್ ಇಲ್ಲ’ ಅನ್ನುತ್ತಾರೆ. ಒಮ್ಮೆ ಜೋರು ಮಾಡಿದ್ದಕ್ಕೆ ‘ಕತ್ತಲಾದ ಮೇಲೆ ಬಾ, ನೋಡೋಣ’ ಅಂದರು. ಅಂಗಡಿ ಅವರದ್ದೇ ಅಲ್ವಾ, ಕೇಸ್ ನಿಲ್ಲುತ್ತದಾ?

ಉತ್ತರ: ನಿಲ್ಲುತ್ತದೆ. ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ, 1955ರ 6ನೇ ಸೆಕ್ಷನ್ ನಿಮಗಾಗಿಯೇ ಬರೆದಂತಿದೆ. ಅಸ್ಪೃಶ್ಯತೆಯ ಕಾರಣಕ್ಕೆ ಸೇವೆ ನಿರಾಕರಿಸುವುದು ಅಪರಾಧ ಎಂದಷ್ಟೇ ಹೇಳಿ ಅದು ಸುಮ್ಮನಾಗುವುದಿಲ್ಲ. ಉಳಿದ ಗಿರಾಕಿಗಳಿಗೆ ಕೊಡುವ ಹೊತ್ತಿನಲ್ಲೇ, ಅದೇ ಜಾಗದಲ್ಲಿ, ಅದೇ ಷರತ್ತಿನಲ್ಲಿ ಕೊಡಬೇಕು ಎನ್ನುತ್ತದೆ. ಹಾಗಾಗಿ ‘ಕತ್ತಲಾದ ಮೇಲೆ ಬಾ’ ಅನ್ನುವುದೂ ನಿರಾಕರಣೆಯೇ. ಒಂದರಿಂದ ಆರು ತಿಂಗಳ ಜೈಲು, 100ರಿಂದ 500 ರೂಪಾಯಿ ದಂಡ. ಈ ದಂಡ ಇವತ್ತಿಗೆ ತಮಾಷೆಯಂತಿದೆ, ಒಪ್ಪುತ್ತೇನೆ. ಆದರೆ ಶಿಕ್ಷೆಯಾದರೆ 8ನೇ ಸೆಕ್ಷನ್ ಪ್ರಕಾರ ಅಂಗಡಿಯ ಲೈಸೆನ್ಸ್ ರದ್ದು ಮಾಡಿ ಎಂದೂ ಕೋರ್ಟ್ ಹೇಳಬಹುದು. ಅದಕ್ಕೆ ಹೆದರದವರು ಕಡಿಮೆ.

ಇನ್ನು ಬ್ಲೇಡಿನ ನೆಪ. 12ನೇ ಸೆಕ್ಷನ್ ಇರುವುದೇ ಇಂಥದ್ದಕ್ಕೆ. ಪರಿಶಿಷ್ಟ ಜಾತಿಯವರಿಗೆ ಹೀಗಾದರೆ ಕಾರಣ ಅಸ್ಪೃಶ್ಯತೆಯೇ ಎಂದು ಕೋರ್ಟ್ ಮೊದಲೇ ಅಂದುಕೊಳ್ಳಬೇಕು. ಅಲ್ಲ ಎಂದು ತೋರಿಸುವ ಹೊರೆ ಆಮೇಲೆ ಸಲೂನ್‌ನವರದ್ದು. ನೀವು ತೋರಿಸಬೇಕಾದದ್ದು ಕೇಳಿದಿರಿ, ಕೊಡಲಿಲ್ಲ ಎಂಬುದನ್ನು. ಅದೇ ಹೊತ್ತಿಗೆ ಪಕ್ಕದ ಕುರ್ಚಿಯಲ್ಲಿ ಇನ್ನೊಬ್ಬರಿಗೆ ಕಟಿಂಗ್ ನಡೆಯುತ್ತಿತ್ತು ಎಂಬುದಕ್ಕೆ ಒಬ್ಬ ಸಾಕ್ಷಿ ಅಥವಾ ಮೊಬೈಲ್ ವಿಡಿಯೊ ಇದ್ದರೆ ಬ್ಲೇಡಿನ ಕಥೆ ಅಲ್ಲಿಗೇ ಮುಗಿಯಿತು.

‘ನಿಮಗೆ ಮಾಡಿದರೆ ಬೇರೆಯವರು ಬರಲ್ಲ’ ಎಂಬ ಮಾತು ಬಂದರೆ ಅದನ್ನೂ ದೂರಿನಲ್ಲಿ ಬರೆಯಿರಿ. ಎಷ್ಟೋ ಕಡೆ ಸಲೂನ್‌ನವರೂ ಊರ ದೊಡ್ಡವರ ಭಯದಲ್ಲಿ ಬದುಕುವವರೇ. ಆ ಭಯ ಅವರನ್ನು ಉಳಿಸುವುದಿಲ್ಲ. ಆದರೆ ಕುಮ್ಮಕ್ಕು ಕೊಟ್ಟವರಿಗೂ 10ನೇ ಸೆಕ್ಷನ್ ಅಷ್ಟೇ ಶಿಕ್ಷೆ ಹೇಳುತ್ತದೆ. ನನ್ನ ಕೇಳಿದರೆ, ದೂರಿನಲ್ಲಿ ಮೊದಲು ಬರಬೇಕಾದ ಹೆಸರು ಅವರದ್ದು.

ಪೊಲೀಸರು ಕೋರ್ಟಿನ ಆದೇಶಕ್ಕೆ ಕಾಯದೆ ಎಫ್‌ಐಆರ್ ಹಾಕಬಹುದು. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಯಲ್ಲೂ ಅಂಗಡಿಗೆ ಹೋಗದಂತೆ ತಡೆಯುವುದು ಅಪರಾಧವೇ. ಅಲ್ಲಿ ಶಿಕ್ಷೆ ಜಾಸ್ತಿ, ಆರು ತಿಂಗಳಿಂದ ಐದು ವರ್ಷ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಜೋಪಾನ. ಕರ್ನಾಟಕದಲ್ಲಿ ಇಂಥ ದೂರುಗಳನ್ನು ನೋಡುವ ನಾಗರಿಕ ಹಕ್ಕುಗಳ ಜಾರಿ ನಿರ್ದೇಶನಾಲಯವೂ ಇದೆ.

ಪ್ರಶ್ನೆ: ‘ಪ್ರವೇಶದ ಹಕ್ಕು ಮಾಲೀಕರದ್ದು’ ಎಂದು ಹೋಟೆಲ್‌ಗಳಲ್ಲಿ ಬೋರ್ಡ್ ಹಾಕಿರುತ್ತಾರೆ. ಅದಕ್ಕೆ ಬೆಲೆ ಇದೆಯಾ?

ಉತ್ತರ: ಸ್ವಲ್ಪ ಇದೆ. ಕುಡಿದು ಗಲಾಟೆ ಮಾಡುವವರನ್ನು, ದುಡ್ಡು ಕೊಡದವರನ್ನು ಹೊರಗಿಡಬಹುದು. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಜಾಗ ನೋಡಿ ತಡೆಯುವಂತಿಲ್ಲ. ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲ್, ಮನರಂಜನೆಯ ಜಾಗಗಳ ಹೆಸರು ಹಿಡಿದೇ ಇದನ್ನು ಹೇಳುತ್ತದೆ. ಅಂಗಡಿ ಅಂದರೇನು ಎಂಬ ಪ್ರಶ್ನೆ 1948ರ ನವೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲೇ ಎದ್ದಿತ್ತು. ಸೇವೆ ಬೇಕೆಂದು ಬಂದವರಿಗೆಲ್ಲ ಸೇವೆ ಕೊಡಲು ತಯಾರಿರುವ ಜಾಗವೇ ಅಂಗಡಿ ಎಂಬ ಅರ್ಥದಲ್ಲಿ ಅಂಬೇಡ್ಕರ್ ಉತ್ತರ ಕೊಟ್ಟರು. 2011ರಲ್ಲಿ ಸುಪ್ರೀಂ ಕೋರ್ಟ್ ಕೂಡ ಆ ವಿಶಾಲ ಅರ್ಥವನ್ನೇ ಹಿಡಿಯಿತು.

ಒಂದು ತೊಡಕಿದೆ. ಅಸ್ಪೃಶ್ಯತೆಗೆ ಇರುವಂತೆ, ಧರ್ಮ ನೋಡಿ ವಾಪಸ್ ಕಳಿಸಿದ ಹೋಟೆಲ್‌ನವರನ್ನು ನೇರವಾಗಿ ಜೈಲಿಗೆ ಕಳಿಸುವ ಕೇಂದ್ರ ಕಾಯ್ದೆ ಇಲ್ಲ. 15(2) ಹಿಡಿದು ಹೈಕೋರ್ಟಿಗೇ ಹೋಗಬೇಕಾಗುತ್ತದೆ. ಒಂದು ಊಟಕ್ಕಾಗಿ ಅಷ್ಟು ದೂರ ಹೋಗುವವರು ಎಷ್ಟು ಜನ, ನೀವೇ ಹೇಳಿ.