ಕೈಯಿಂದ ಚರಿಗೆ ಜಾರುತ್ತೆ, ಹಿಡಿತ ಇಲ್ಲ: ಏನೇನು ಕಾರಣ ಇರಬಹುದು?

ಅಕ್ಕಾ, ನೀವು ಬರೆದಿದ್ದನ್ನು ಎರಡು ಸಲ ಓದಿದೆ. ಸಿಂಧನೂರಲ್ಲಿ ರೊಟ್ಟಿ ಬಡಿದು ಅಂಗಡಿಗಳಿಗೆ ಕೊಡುತ್ತೀರಿ. ವಯಸ್ಸು 38. ಮೂರು ತಿಂಗಳಿಂದ ಬಲಗೈಯಲ್ಲಿ ತಾಕತ್ತಿಲ್ಲ, ಚರಿಗೆ ಹಿಡಿದರೆ ಜಾರಿ ಬೀಳುತ್ತೆ, ರಾತ್ರಿ ಕೈ ಜೋಮು ಹಿಡಿಯುತ್ತೆ. ರಕ್ತ ಕಮ್ಮಿ ಅಂತ ಎರಡು ಬಾಟ್ಲಿ ಸಲೈನ್ ಹಚ್ಚಿದ್ದಾರೆ, ಬಿ12 ಇಂಜೆಕ್ಷನ್ ಐದು ಆಗಿವೆ, ಕೈ ಮಾತ್ರ ಹಾಗೇ ಇದೆ. ಇದು ಲಕ್ವಾ ಇರಬಹುದಾ, ಕೈ ತೋಳಲ್ಲಿ ಶಕ್ತಿ ಹೋಗೋಕೆ ಏನೇನು ಕಾರಣ ಇರುತ್ತೆ ಅಂತ ಕೇಳಿದ್ದೀರಿ.

ನಾನು ಡಾಕ್ಟರ್ ಅಲ್ಲ. ಬಳ್ಳಾರಿಯಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ, ಹದಿನಾಲ್ಕು ವರ್ಷ ಆಯ್ತು. ನಿಮ್ಮ ಕೈ ನೋಡದೆ ಇದೇ ರೋಗ ಅಂತ ಹೇಳೋಕೆ ಆಗಲ್ಲ. ಆದರೆ ಒಂದು ಮಾತು ಧೈರ್ಯವಾಗಿ ಹೇಳುತ್ತೇನೆ. ರಕ್ತ ಕಮ್ಮಿ ಇದ್ದರೆ ಮೆಟ್ಟಿಲು ಹತ್ತುವಾಗ ದಮ್ಮು ಬರುತ್ತೆ, ಇಡೀ ಮೈ ಸುಸ್ತಾಗುತ್ತೆ. ಬಿ12 ಕಮ್ಮಿ ಇದ್ದರೆ ಸಾಮಾನ್ಯವಾಗಿ ಮೊದಲು ಎರಡೂ ಪಾದ ಜುಮುಜುಮು ಅನ್ನುತ್ತವೆ. ಮೈಯಲ್ಲಿ ಏನೋ ಕಮ್ಮಿ ಆಗಿದ್ದು ಬಲಗೈ ಒಂದನ್ನೇ ಆರಿಸಿಕೊಂಡು ಕೂರುವುದಿಲ್ಲ. ಒಂದೇ ಕೈಯಲ್ಲಿ ಹಿಡಿತ ಹೋಗಿದ್ದರೆ ಬಹುಮಟ್ಟಿಗೆ ಆ ಕೈಗೆ ಬರುವ ನರದ ದಾರಿಯಲ್ಲಿ ಎಲ್ಲೋ ತೊಂದರೆ ಇರುತ್ತೆ. ಮಿದುಳಲ್ಲಿ ಇರಬಹುದು, ಕುತ್ತಿಗೆಯಲ್ಲಿ ಇರಬಹುದು, ಮೊಣಕೈ ಹತ್ತಿರ, ಇಲ್ಲ ಮಣಿಕಟ್ಟಲ್ಲಿ. ಎಲ್ಲಿ ಅಂತ ಹುಡುಕೋದೇ ಮುಖ್ಯ ಕೆಲಸ. ಬಾಟ್ಲಿಯಿಂದ ಅದು ಆಗಲ್ಲ.

ಮೊದಲು ಲಕ್ವಾ ಭಯ ತೆಗೆಯೋಣ. ಲಕ್ವಾ ಮೂರು ತಿಂಗಳು ನಿಧಾನವಾಗಿ ಬರುವುದಿಲ್ಲ. ಕೂತಲ್ಲೇ, ಮಲಗಿ ಎದ್ದಾಗಲೇ ಥಟ್ಟನೆ ಕೈ ಬೀಳುತ್ತೆ. ಜೊತೆಗೆ ಬಾಯಿ ಒಂದು ಕಡೆ ಸೊಟ್ಟಗಾಗಬಹುದು, ಮಾತು ತೊದಲಬಹುದು, ಅದೇ ಕಡೆಯ ಕಾಲು ಎಳೆಯಬಹುದು. ಮನೆಯಲ್ಲಿ ಯಾರಿಗೇ ಹೀಗಾದರೂ ಒಂದು ನಿಮಿಷ ಕಾಯಬೇಡಿ, 108ಕ್ಕೆ ಫೋನ್ ಮಾಡಿ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡೋಕೆ ಇರುವ ಹೊತ್ತು ನಾಲ್ಕೂವರೆ ಗಂಟೆ ಅಷ್ಟೇ. ನಮ್ಮ ಕಡೆ ಆ ಹೊತ್ತನ್ನೆಲ್ಲ ನಾಟಿ ಔಷಧಿ ಹುಡುಕೋದರಲ್ಲಿ, ಪಾರಿವಾಳದ ರಕ್ತ ಹಚ್ಚೋದರಲ್ಲಿ ಕಳೆಯುತ್ತಾರೆ. ಅಂಥವರು ಆಮೇಲೆ ನನ್ನ ಹತ್ತಿರ ವ್ಯಾಯಾಮಕ್ಕೆ ಬಂದಾಗ ಹೊಟ್ಟೆ ಉರಿಯುತ್ತೆ. ಹತ್ತು ನಿಮಿಷಕ್ಕೆ ಕೈ ತಾನೇ ಸರಿಹೋಯ್ತು ಅಂದರೂ ಅವತ್ತೇ ತೋರಿಸಬೇಕು. ದೊಡ್ಡದು ಬರುವ ಮುಂಚಿನ ಸೂಚನೆ ಅದಾಗಿರಬಹುದು.

ಈಗ ನಿಮ್ಮ ಕೈ. ಇವತ್ತು ರಾತ್ರಿ ಜೋಮು ಹಿಡಿದಾಗ ದೀಪ ಹಾಕಿ ನೋಡಿ, ಯಾವ ಬೆರಳು ಅಂತ. ಎಲ್ಲ ಬೆರಳೂ ಅಂತ ಬಹಳ ಜನ ಹೇಳುತ್ತಾರೆ. ಒಂದೊಂದನ್ನೇ ಮುಟ್ಟಿ ನೋಡಿದಾಗ ಕಿರುಬೆರಳು ಚೆನ್ನಾಗೇ ಇರುತ್ತೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರದ ಬೆರಳಿನ ಅರ್ಧ, ಇಷ್ಟರಲ್ಲೇ ಜೋಮು ಇದ್ದು, ಎದ್ದು ಕೈ ಝಾಡಿಸಿದರೆ ಹಗುರ ಆಗುತ್ತೆ ಅಂದರೆ ಮಣಿಕಟ್ಟಲ್ಲಿ ನರ ಒತ್ತಿರುವ ಸಂಭವ ಜಾಸ್ತಿ. ಇದಕ್ಕೆ ಕಾರ್ಪಲ್ ಟನಲ್ ಅಂತಾರೆ. ಮಣಿಕಟ್ಟಿನ ಒಳಮೈಯಲ್ಲಿ ಮೂಳೆ ಮತ್ತು ಗಟ್ಟಿ ಪಟ್ಟಿಯ ನಡುವೆ ಒಂದು ಕಿರಿದಾದ ದಾರಿ ಇದೆ. ಬೆರಳು ಮಡಿಸುವ ಒಂಬತ್ತು ಸ್ನಾಯುದಾರಗಳೂ ಒಂದು ನರವೂ ಅದರೊಳಗೇ ಹೋಗಬೇಕು. ದಿನಾ ಹಿಟ್ಟು ನಾದಿ, ನೂರಾರು ರೊಟ್ಟಿ ಬಡಿದರೆ ಆ ದಾರಿ ಊದಿಕೊಂಡು ನರ ಒತ್ತುತ್ತೆ. ಇಲ್ಲಿ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರಲ್ಲೂ ಇದನ್ನು ಬಹಳ ನೋಡುತ್ತೇನೆ. ದಪ್ಪ ಬಟ್ಟೆ, ದೊಡ್ಡ ಕತ್ತರಿ, ದಿನಕ್ಕೆ ಹತ್ತು ತಾಸು ಕೆಲಸ.

ಎರಡೂ ಅಂಗೈ ಪಕ್ಕಪಕ್ಕ ಇಟ್ಟು ಹೆಬ್ಬೆರಳ ಬುಡದ ದಿಂಡು ನೋಡಿ. ಬಲಗೈಯದು ಚಪ್ಪಟೆ ಆಗಿದೆಯಾ? ಆಗಿದ್ದರೆ ಸ್ನಾಯು ಸೊರಗಿದೆ ಅಂತ, ತಡ ಮಾಡಬೇಡಿ. ಆಗಿಲ್ಲ ಅಂದರೆ ಸಮಾಧಾನ, ಮಣಿಕಟ್ಟನ್ನು ನೇರ ಇಡುವ ಪಟ್ಟಿ ರಾತ್ರಿ ಹೊತ್ತು ಕಟ್ಟಿಕೊಂಡೇ ಎಷ್ಟೋ ಜನ ಸುಧಾರಿಸುತ್ತಾರೆ. ಕೆಲವರಿಗೆ ಒಂದು ಇಂಜೆಕ್ಷನ್ ಬೇಕಾಗುತ್ತೆ, ಕೆಲವರಿಗೆ ಆ ಜಾಗ ಮಾತ್ರ ಮರಗಟ್ಟಿಸಿ ಮಾಡುವ ಸಣ್ಣ ಆಪರೇಷನ್. ಥೈರಾಯ್ಡ್ ಮತ್ತು ಸಕ್ಕರೆ ಪರೀಕ್ಷೆ ಮಾತ್ರ ಮಾಡಿಸಲೇಬೇಕು. ಇವೆರಡೂ ಇದೇ ತೊಂದರೆ ತರುತ್ತವೆ, ಎಷ್ಟೋ ಹೆಂಗಸರಿಗೆ ಥೈರಾಯ್ಡ್ ಇದೆ ಅಂತ ಗೊತ್ತಾಗಿದ್ದೇ ಕೈ ಜೋಮಿನಿಂದ.

ಜೋಮು ಕಿರುಬೆರಳಿನ ಕಡೆ ಇದ್ದರೆ ಲೆಕ್ಕ ಬೇರೆ. ಆ ನರ ಮೊಣಕೈ ಹಿಂದೆ ಹಾದು ಬರುತ್ತೆ, ತಾಗಿದರೆ ಕರೆಂಟ್ ಹೊಡೆದಂತೆ ಆಗುತ್ತಲ್ಲ, ಅದೇ. ಮೊಣಕೈ ಊರಿ ಕೂರುವವರಿಗೆ, ಮಡಚಿ ಮಲಗುವವರಿಗೆ ಅಲ್ಲಿ ಒತ್ತಬಹುದು. ಆದರೆ ನಮ್ಮ ಜಿಲ್ಲೆಗಳಲ್ಲಿ ಇನ್ನೊಂದು ಕಾರಣವನ್ನು ಮರೆಯುವ ಹಾಗಿಲ್ಲ, ಕುಷ್ಠ. ಹೆಸರು ಕೇಳಿ ಗಾಬರಿ ಆಗಬೇಡಿ. ಜೀನ್ಸ್ ಘಟಕದಲ್ಲಿ ಇಸ್ತ್ರಿ ಮಾಡುವ ಒಬ್ಬರು ಬೆರಳು ಮಡಚಿಕೊಂಡಿವೆ, ವ್ಯಾಯಾಮ ಹೇಳಿಕೊಡಿ ಅಂತ ಬಂದಿದ್ದರು. ಅವರ ಕಿರುಬೆರಳ ಪಕ್ಕ ಸುಟ್ಟ ಗುಳ್ಳೆ ಇತ್ತು. ಯಾವಾಗ ಸುಟ್ಟಿತು ಅಂದರೆ, ‘ಗೊತ್ತೇ ಆಗಲಿಲ್ಲ ಸರ್’ ಅಂದರು. ಮುಂಗೈ ಮೇಲೆ ಒಂದು ತಿಳಿ ಬಣ್ಣದ ಮಚ್ಚೆ, ಮುಟ್ಟಿದರೆ ಅಲ್ಲಿ ಸ್ಪರ್ಶ ಇಲ್ಲ. ಮೊಣಕೈ ಹಿಂದೆ ನರ ಹಗ್ಗದ ಹಾಗೆ ದಪ್ಪಗಾಗಿತ್ತು. ತೊನ್ನು ಇರಬಹುದು ಅಂತ ವರ್ಷಗಟ್ಟಲೆ ಸುಮ್ನೆ ಇದ್ದರಂತೆ. ತೊನ್ನಿನಲ್ಲಿ ಸ್ಪರ್ಶ ಹೋಗುವುದಿಲ್ಲ, ಇದನ್ನು ನೆನಪಿಡಿ. ಕುಷ್ಠಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ, ರೋಗ ಎಷ್ಟಿದೆ ನೋಡಿ 6 ತಿಂಗಳು ಅಥವಾ 12 ತಿಂಗಳು. ಅವರಿಗೆ ನರದ ಊತ ಇಳಿಸೋಕೆ ಬೇರೆ ಔಷಧಿಯನ್ನೂ ಕೊಟ್ಟರು. ಬೆರಳು ಮುಕ್ಕಾಲು ಪಾಲು ನೆಟ್ಟಗಾದವು. ಕೈ ಬಲ ಹೋಗಿ ಆರು ತಿಂಗಳೊಳಗೆ ಬಂದರೆ ಉಳಿಸಿಕೊಳ್ಳೋ ಅವಕಾಶ ಚೆನ್ನಾಗಿರುತ್ತೆ. ಅವರು ಮೊದಲೇ ಬರಲಿಲ್ಲ ಅನ್ನೋ ನೋವು ನನಗೆ ಈಗಲೂ ಇದೆ.

ಇನ್ನು ಕುತ್ತಿಗೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕಂದರೆ ಇದು ನಮ್ಮ ಮನೆಯಲ್ಲೇ ಆಗಿದ್ದು.

ನಮ್ಮಪ್ಪ ಸಿರುಗುಪ್ಪ ಕಡೆ ಭತ್ತ ಬೆಳೆಯುವವರು. ಅಂಗಿ ಗುಂಡಿ ಹಾಕೋಕೆ ಆಗ್ತಿಲ್ಲ ಅಂತ ಶುರುವಾಯ್ತು. ನೋವಿಲ್ಲ, ಜ್ವರ ಇಲ್ಲ. ಅಂಗಡಿಯಲ್ಲಿ ಚಿಲ್ಲರೆ ಎಣಿಸುವಾಗ ಬೀಳಿಸುತ್ತಿದ್ದರು. ಊಟದಲ್ಲಿ ತುತ್ತು ಕಟ್ಟೋಕೆ ಆಗದೆ ಚಮಚ ಕೇಳಿದರು. ಅವರು ಜೀವಮಾನದಲ್ಲಿ ಚಮಚ ಹಿಡಿದವರಲ್ಲ. ಹತ್ತಿರದ ಒಂದು ದವಾಖಾನೆಯಲ್ಲಿ ನಿಶ್ಶಕ್ತಿ ಅಂದರು. ವಾರಕ್ಕೊಂದು ಬಾಟ್ಲಿ, ಕೆಂಪು ಇಂಜೆಕ್ಷನ್, ಎಂಟು ತಿಂಗಳು. ನಾನಾಗ ಕಾಲೇಜಲ್ಲಿದ್ದೆ. ಯುಗಾದಿಗೆ ಊರಿಗೆ ಹೋದಾಗ ಅವ್ವ ಅವರ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಅಪ್ಪ ಗೋಡೆ ಹಿಡಿದು ನಡೆಯುತ್ತಿದ್ದರು, ಹತ್ತಿ ಮೇಲೆ ಕಾಲಿಟ್ಟ ಹಾಗೆ ಆಗುತ್ತೆ ಅಂದರು. ಆಗಷ್ಟೇ ತರಗತಿಯಲ್ಲಿ ಕಲಿತ ಒಂದು ಪರೀಕ್ಷೆ ನೆನಪಾಯ್ತು. ಮುಷ್ಟಿ ಬಿಗಿದು ಬಿಚ್ಚುವುದನ್ನು ಹತ್ತು ಸೆಕೆಂಡಲ್ಲಿ ಎಷ್ಟು ಸಲ ಮಾಡುತ್ತಾರೆ ಅಂತ ಎಣಿಸೋದು. ಇಪ್ಪತ್ತು ಸಲ ಆಗಬೇಕು. ಅಪ್ಪ ಒಂಬತ್ತಕ್ಕೆ ನಿಂತರು.

ಎಂಆರ್‌ಐ ಮಾಡಿಸಿದಾಗ ಕುತ್ತಿಗೆಯ ಮೂಳೆ ಸವೆದು ಬೆಳೆದು ಬೆನ್ನುಹುರಿಯನ್ನೇ ಅಮುಕಿತ್ತು. ಆಪರೇಷನ್ ಆಯ್ತು. ನಡಿಗೆ ಬಹಳ ಸುಧಾರಿಸಿತು. ಬೆರಳುಗಳು ಪೂರ್ತಿ ಬರಲಿಲ್ಲ. ಆ ಆಪರೇಷನ್ ಮುಖ್ಯವಾಗಿ ಮುಂದೆ ಹಾಳಾಗೋದನ್ನು ತಡೆಯುತ್ತೆ, ಹೋಗಿದ್ದನ್ನೆಲ್ಲ ವಾಪಸ್ ತರುತ್ತೆ ಅಂತ ಹೇಳೋಕೆ ಬರಲ್ಲ. ಆ ಎಂಟು ತಿಂಗಳು ಬಾಟ್ಲಿಯಲ್ಲಿ ಹೋಗದೇ ಇದ್ದಿದ್ದರೆ ಅಂತ ನಾನು ಇವತ್ತಿಗೂ ಯೋಚಿಸುತ್ತೇನೆ. ಅದಕ್ಕೇ ನಿಮ್ಮ ‘ಎರಡು ಬಾಟ್ಲಿ’ ಓದಿದಾಗ ಸುಮ್ನೆ ಇರೋಕೆ ಆಗಲಿಲ್ಲ.

ಕುತ್ತಿಗೆಯಲ್ಲಿ ಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಜಾರಿ ಒಂದೇ ನರ ಒತ್ತಿದರೆ ಕುತ್ತಿಗೆಯಿಂದ ತೋಳಿಗೆ ಸೆಳೆತ ಇಳಿಯುತ್ತೆ. ಅದು ವಿಪರೀತ ನೋಯುತ್ತೆ, ಆದರೆ ಬಹಳ ಜನರಿಗೆ ಆಪರೇಷನ್ ಇಲ್ಲದೆ ವಾಸಿಯಾಗುತ್ತೆ. ಬೆನ್ನುಹುರಿ ಅಮುಕಿದರೆ ನೋವೇ ಇರದೆ ಎರಡೂ ಕೈ ಮೊಂಡಾಗಬಹುದು. ಅಪಾಯ ಇದರಲ್ಲೇ ಜಾಸ್ತಿ. ರಾಯಚೂರು, ಕೊಪ್ಪಳ, ಬಳ್ಳಾರಿಯಲ್ಲಿ ಇನ್ನೊಂದು ವಿಷಯ ಇದೆ, ಬೋರ್ ನೀರಿನ ಫ್ಲೋರೈಡ್. ಕುಡಿಯುವ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರೇ ಇಲ್ಲ ಅಂದರೆ 1.5ರವರೆಗೆ. ಅದಕ್ಕಿಂತ ಬಹಳ ಜಾಸ್ತಿ ಇರುವ ನೀರು ವರ್ಷಾನುಗಟ್ಟಲೆ ಕುಡಿದರೆ ಮೂಳೆ, ಮೂಳೆಗಳನ್ನು ಹಿಡಿದಿಡುವ ಕಟ್ಟುಗಳು ಗಟ್ಟಿಯಾಗಿ ಕುತ್ತಿಗೆ, ಬೆನ್ನು ಬಗ್ಗುವುದಿಲ್ಲ. ಕೊನೆಗೆ ಬೆನ್ನುಹುರಿಗೂ ಒತ್ತುತ್ತೆ. ಊರಿನ ಮಕ್ಕಳ ಹಲ್ಲಲ್ಲಿ ಕಂದು ಗೆರೆಗಳಿದ್ದರೆ ನೀರಿನ ಪರೀಕ್ಷೆ ಮಾಡಿಸಿ.

ಹತ್ತಿ, ಮೆಣಸಿನಕಾಯಿ ಹೊಲಕ್ಕೆ ಎಣ್ಣೆ (ಕೀಟನಾಶಕ) ಹೊಡೆಯುವವರು ನಿಮ್ಮ ಮನೆಯಲ್ಲಿ ಇರಬಹುದು, ಅವರಿಗಾಗಿ ಇದು. ಕೆಲವು ಕೀಟನಾಶಕ ಮೈಗೆ ಜಾಸ್ತಿ ಸೇರಿದರೆ ಅವತ್ತಿನ ವಾಂತಿ, ಬೆವರು ನಿಂತು ‘ಆರಾಮಾದೆ’ ಅಂದ ಮೇಲೆ, ಒಂದರಿಂದ ನಾಲ್ಕು ದಿನದೊಳಗೆ ಕುತ್ತಿಗೆ ದಿಂಬಿನಿಂದ ಎತ್ತೋಕೆ ಆಗಲ್ಲ, ತೋಳು ಮೇಲೆ ಬರಲ್ಲ, ಆಮೇಲೆ ಉಸಿರೇ ಕಟ್ಟಬಹುದು. ಅದಕ್ಕೇ ಡಾಕ್ಟರ್ ಇನ್ನೆರಡು ದಿನ ಇರಿ ಅಂದಾಗ ಆಸ್ಪತ್ರೆಯಿಂದ ಹಟ ಮಾಡಿ ಮನೆಗೆ ಬರಬೇಡಿ. ಹಾಗೇ ಭೇದಿ ಅಥವಾ ಜ್ವರ ಬಂದು ಹೋದ ಒಂದೆರಡು ವಾರಕ್ಕೆ ಕಾಲಿನಿಂದ ಶುರುವಾಗಿ ಬಲಹೀನತೆ ದಿನದಿನಕ್ಕೆ ಕೈಗೆ ಏರುತ್ತಿದ್ದರೂ ಅವತ್ತೇ ಆಸ್ಪತ್ರೆ ಸೇರಬೇಕು. ಅದು ಗಿಲ್ಲನ್ ಬಾರೆ ಅನ್ನೋ ನರದ ಕಾಯಿಲೆ ಇರಬಹುದು. ಅದರಲ್ಲೂ ಉಸಿರಿಗೆ ತೊಂದರೆ ಆಗಬಹುದು.

ಹದಿನೈದರಿಂದ ಇಪ್ಪತ್ತೈದರ ಹುಡುಗರಲ್ಲಿ ಒಂದೇ ಮುಂಗೈ, ಅಂಗೈ ನೋವಿಲ್ಲದೆ ಸೊರಗುವುದೂ ಉಂಟು. ಚಳಿಯಲ್ಲಿ ಬೆರಳು ಇನ್ನೂ ಸೋಲುತ್ತವೆ. ಜಪಾನಿನ ಡಾಕ್ಟರ್ ಹಿರಾಯಾಮಾ 1959ರಲ್ಲಿ ಇದನ್ನು ಬರೆದರು. ನಮ್ಮ ನಿಮ್ಹಾನ್ಸ್‌ನವರೂ 1984ರಲ್ಲಿ ಇಂಥವರ ಬಗ್ಗೆ ಪ್ರಕಟಿಸಿದ್ದಾರೆ. ಕುತ್ತಿಗೆ ಮುಂದಕ್ಕೆ ಬಗ್ಗಿಸಿದಾಗ ಬೆನ್ನುಹುರಿಗೆ ಒತ್ತಡ ಬೀಳುವುದು ಕಾರಣ, ಬೇಗ ಗೊತ್ತಾದರೆ ಕುತ್ತಿಗೆಗೆ ಕಾಲರ್ ಪಟ್ಟಿ ಕಟ್ಟಿಯೇ ತಡೆಯಬಹುದು.

ಬೆರಳಿಗೆ ಬಲ ಇದೆ, ಜಡೆ ಹಾಕೋಕೆ, ಅಟ್ಟದ ಮೇಲಿನ ಡಬ್ಬಿ ಇಳಿಸೋಕೆ ತೋಳು ಎತ್ತಲು ಆಗಲ್ಲ, ನೆಲದಿಂದ ಏಳೋಕೂ ಕಷ್ಟ ಅಂದರೆ ಅದು ಬಹುಮಟ್ಟಿಗೆ ಸ್ನಾಯುವಿನದೇ ತೊಂದರೆ. ಥೈರಾಯ್ಡ್, ವಿಟಮಿನ್ ಡಿ ತೀರಾ ಕಮ್ಮಿ ಆಗೋದು, ಸ್ನಾಯು ಊತ ಹೀಗೆ ಕಾರಣ ಹಲವು. ಮಂಡಿನೋವಿಗೆ ಅಂತ ಚೀಟಿ ಇಲ್ಲದೆ ತಿಂಗಳುಗಟ್ಟಲೆ ನುಂಗುವ ಮಾತ್ರೆ, ಪುಡಿಗಳಲ್ಲಿ ಸ್ಟೀರಾಯ್ಡ್ ಇದ್ದರೂ ಹೀಗಾಗುತ್ತೆ. ಆದರೆ ಅದನ್ನು ಥಟ್ಟನೆ ನಿಲ್ಲಿಸಬಾರದು, ಡಾಕ್ಟರಿಗೆ ತೋರಿಸಿ ನಿಧಾನ ಇಳಿಸಬೇಕು. ಬೆಳಗ್ಗೆ ಚೆನ್ನಾಗಿದ್ದು ಸಂಜೆ ಹೊತ್ತಿಗೆ ತೋಳು, ಕಣ್ಣರೆಪ್ಪೆ ಸೋತು ಬೀಳುವುದಾದರೆ ಮಯಸ್ತೇನಿಯಾ ಇದೆಯಾ ನೋಡಬೇಕು, ಅದರಲ್ಲಿ ನರದ ಸೂಚನೆ ಸ್ನಾಯುವಿಗೆ ಸರಿಯಾಗಿ ತಲುಪಲ್ಲ. ಮಾಂಸ ಕರಗುತ್ತಾ, ಚರ್ಮದ ಕೆಳಗೆ ಅದುರುತ್ತಾ ಹೋದರೆ ನರರೋಗ ತಜ್ಞರೇ ನೋಡಬೇಕು.

ನೀವು ಮಾಡಬೇಕಾದ್ದು ಇಷ್ಟು. ಮೊದಲು ಸಿಂಧನೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಫಿಜಿಷಿಯನ್ ಹತ್ತಿರ ಹೋಗಿ. ಸಕ್ಕರೆ, ಥೈರಾಯ್ಡ್, ರಕ್ತ ಪರೀಕ್ಷೆ ಅಲ್ಲಿಂದಲೇ ಶುರುವಾಗಲಿ. ಕುತ್ತಿಗೆ, ಮೊಣಕೈ, ಮಣಿಕಟ್ಟು ಮೂರನ್ನೂ ನೋಡಿ ಅಂತ ಬಾಯಿಬಿಟ್ಟು ಕೇಳಿ, ಸಂಕೋಚ ಬೇಡ. ನರದ ಕರೆಂಟ್ ಪರೀಕ್ಷೆ ಬೇಕು ಅಂದರೆ ರಾಯಚೂರಿನ ರಿಮ್ಸ್ ಸರ್ಕಾರಿ ಆಸ್ಪತ್ರೆಗೋ ಬಳ್ಳಾರಿಯ ಬಿಎಂಸಿಆರ್‌ಸಿಗೋ (ಮೊದಲು ವಿಮ್ಸ್ ಅಂತಿತ್ತು) ಚೀಟಿ ಬರೆಸಿಕೊಳ್ಳಿ. ಸಣ್ಣ ಕರೆಂಟ್ ಬಿಟ್ಟು ನರ ಎಲ್ಲಿ ನಿಧಾನ ಆಗಿದೆ ಅಂತ ನೋಡುತ್ತಾರೆ, ಸ್ವಲ್ಪ ಚುರುಕ್ ಅನ್ನುತ್ತೆ ಅಷ್ಟೇ. ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್ ಜೊತೆಗಿರಲಿ. ಅಲ್ಲಿಯವರೆಗೆ ರೊಟ್ಟಿ ಕೆಲಸ ಅರ್ಧ ಮಾಡಿ. ನಾದೋದನ್ನು ಮನೆಯಲ್ಲಿ ಬೇರೆಯವರಿಗೆ ಬಿಡಿ, ಅದರಲ್ಲೇ ಮಣಿಕಟ್ಟಿಗೆ ಜಾಸ್ತಿ ಭಾರ ಬೀಳೋದು. ಯಾರಿಂದಲೂ ಕುತ್ತಿಗೆ ಲಟಕ್ ಅನಿಸಿ ತಿರುಗಿಸಿಕೊಳ್ಳಬೇಡಿ.

ರಾತ್ರಿ ಯಾವ ಬೆರಳು ಜೋಮು ಹಿಡಿಯಿತು, ಮುಷ್ಟಿ ಹತ್ತು ಸೆಕೆಂಡಲ್ಲಿ ಎಷ್ಟು ಸಲ ಆಯ್ತು, ಕೈ ಮೇಲೆ ಸ್ಪರ್ಶ ಇಲ್ಲದ ಮಚ್ಚೆ ಇದೆಯಾ, ಈ ಮೂರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಡಾಕ್ಟರಿಗೆ ಕೊಡಿ. ಇಲ್ಲೂ ಬರೆಯಿರಿ ಅಕ್ಕಾ, ನಾನು ಮತ್ತೆ ಬಂದು ನೋಡುತ್ತೇನೆ.